ಪಾಲಿಗೆ ಕೊಟ್ಟ ಕೋಳಿಗಳು

ಸ್ಯಾಂಪಲ್ ಬಾಟಲಿಯ ಲೇಬಲ್ಲನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪಶುವೈದ್ಯ ಇಲಾಖೆಗೆ ಹೊಸದಾಗಿ ಸೇರಿದವರು ನನ್ನ ಮನೆಗೆ ಬಂದು, 'ಮೇಡಂ, ಫೀಲ್ಡ್ ಬಗ್ಗೆ ಏನಾದರೂ ಹೇಳಿ' ಎಂದಾಗ ನಾನು ಮೊದಲು ಹೇಳುವುದು ಇಷ್ಟೇ. ಅವರ ಮುಖ ಸಪ್ಪಗಾಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಎಂದು ಇಡೀ ಸರ್ವಿಸ್ ಮೂರು ತಾಲ್ಲೂಕುಗಳಲ್ಲಿ ಧೂಳು ಕುಡಿದವಳು ಇದಕ್ಕಿಂತ ದೊಡ್ಡದೇನೋ ಹೇಳುತ್ತಾಳೆ ಎಂದುಕೊಂಡಿರುತ್ತಾರೆ. ಆದರೆ ನನ್ನ ಕೆಲಸದ ಅತಿ ದೊಡ್ಡ ತಪ್ಪು ಆದದ್ದು ಒಂದು ಫೌಂಟನ್ ಪೆನ್ನಿನಿಂದ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ನಾನು ಗುಲಬರ್ಗಾದ ಕಾನ್ವೆಂಟಿನಲ್ಲಿ ಓದಿದವಳು. ಕಲಬುರಗಿ ಎನ್ನಲು ನಾಲಿಗೆ ಇನ್ನೂ ಪೂರ್ತಿ ಒಗ್ಗಿಲ್ಲ. ಅಪ್ಪ ಬಟ್ಟೆ ಗಿರಣಿಯಲ್ಲಿ ಕೂಲಿ. ಮನೆಯ ಒಂದೇ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ನನ್ನ ಸ್ಕೂಲ್ ಬ್ಯಾಗಿನ ಮೊಳೆ. ನಮ್ಮ ಇಂಗ್ಲಿಷ್ ಸಿಸ್ಟರ್ ಕರ್ಸಿವ್ ಬರವಣಿಗೆಯನ್ನು ಪ್ರಾರ್ಥನೆಯ ಹಾಗೆ ಕಲಿಸಿದರು. ಬಾಲ್ ಪೆನ್ ಹಿಡಿದರೆ ಬೆರಳ ಗೆಣ್ಣಿಗೆ ಸ್ಕೇಲು ಬೀಳುತ್ತಿತ್ತು. ಹಾಗಾಗಿ ಎಮ್ಮೆಯ ಗರ್ಭಪರೀಕ್ಷೆ ಮಾಡಿ, ತೋಳು ತೊಳೆದು, ರಾಯಲ್ ಬ್ಲೂ ಇಂಕಿನಲ್ಲಿ ಔಟ್‌ಪೇಷಂಟ್ ರಿಜಿಸ್ಟರ್ ತುಂಬುವ ಏಕೈಕ ಡಾಕ್ಟರ್ ನಾನಾಗಿದ್ದೆ. ಐ ವಾಸ್ ವೆರಿ ಪ್ರೌಡ್ ಆಫ್ ಇಟ್. ಈಗ ನೆನೆದರೆ ನಗು ಬರುತ್ತದೆ, ಸ್ವಲ್ಪ ಹೊಟ್ಟೆಯೂ ಉರಿಯುತ್ತದೆ.

ಮೊದಲ ಪೋಸ್ಟಿಂಗ್ ಆಳಂದ. ಆ ಕಾಲದಲ್ಲಿ ಕೋಳಿ ಪೇಷಂಟ್ ಆಗಿರಲಿಲ್ಲ. ಎತ್ತು ಬರುತ್ತಿತ್ತು, ಎಮ್ಮೆ ಬರುತ್ತಿತ್ತು, ಆಡು ಬಂದರೆ ಸ್ವಲ್ಪ ಹಿಂದೆ ನಿಲ್ಲುತ್ತಿತ್ತು. ಸೆರಗಿನಡಿ ಕೋಳಿ ಹಿಡಿದುಕೊಂಡು ಬಂದ ಹೆಂಗಸು ಗೇಟಿನ ಹೊರಗೇ ಕೂರುತ್ತಿದ್ದಳು. ಒಮ್ಮೆ ನಾನು ಅಂಥವಳೊಬ್ಬಳನ್ನು ಒಳಗೆ ಕರೆದದ್ದಕ್ಕೆ ಆಗಿನ ಸಾಹೇಬರು, 'ಡಾಕ್ಟರೇ, ಕೋಳಿಗೆ ಚೀಟಿ ಬರೆದರೆ ನಾಳೆ ಗುಬ್ಬಿಗೂ ಬರೆಯಬೇಕಾಗುತ್ತದೆ' ಎಂದು ನಕ್ಕರು. ಗುಬ್ಬಿಗೂ, ಕಾಗೆಗೂ, ಹಿಮಾಲಯ ದಾಟಿ ಬಂದ ಬಾತಿಗೂ ಚೀಟಿ ಬರೆಯುವ ದಿನ ನನ್ನ ಸರ್ವಿಸ್ ಮುಗಿಯುವುದರೊಳಗೆ ಬಂತು. ಅವರು ಇದ್ದಿದ್ದರೆ ತೋರಿಸುತ್ತಿದ್ದೆ.

ನನ್ನ ಜೊತೆಗಿದ್ದವರು ಡ್ರೆಸ್ಸರ್ ಹುಸೇನ್‌ಸಾಬರು. ಡ್ರೆಸ್ಸರ್ ಎಂದರೆ ಗಾಯ ಕಟ್ಟುವುದರಿಂದ ಹಿಡಿದು ಹೋರಿ ಕೆಡಹುವವರೆಗೆ ಎಲ್ಲ ಮಾಡುವವರು. ನನಗಿಂತ ಆರು ತಿಂಗಳು ಚಿಕ್ಕವರು, ಅನುಭವದಲ್ಲಿ ಹತ್ತು ವರ್ಷ ದೊಡ್ಡವರು. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ ಲಸಿಕೆಗೆಂದು ಇಬ್ಬರೂ ಥರ್ಮಾಸ್ ಹಿಡಿದು ಮನೆಮನೆ ಸುತ್ತುವಾಗ ಒಂದು ಮಾತು ಪದೇ ಪದೇ ಕೇಳುತ್ತಿತ್ತು.

"ಇದು ನಂದಲ್ರಿ ಬಾಯಾರ, ಪಾಲಿಂದು. ಸೂಜಿ ಹಾಕ್ಬೇಕಂದ್ರ ನಮ್ಮ ನೆಗೆಣ್ಣೀನ ಕೇಳ್ಬೇಕು."

ನಮ್ಮ ಕಡೆ ಹೆಂಗಸರು ಹೇಂಟೆಯನ್ನು ಪಾಲಿಗೆ ಕೊಡುತ್ತಾರೆ. ಕೋಳಿ ಒಬ್ಬಳದು, ಸಾಕುವುದು ಇನ್ನೊಬ್ಬಳ ಅಂಗಳದಲ್ಲಿ. ಮರಿ ಎದ್ದರೆ ಅರ್ಧ ಇವಳಿಗೆ, ಅರ್ಧ ಅವಳಿಗೆ. ತಾಯಿಕೋಳಿ ಮಾತ್ರ ಕೊನೆಯವರೆಗೂ ಕೊಟ್ಟವಳದೇ. ಎಲ್ಲೂ ಬರೆದಿಡುವುದಿಲ್ಲ, ಜಗಳವೂ ಆಗುವುದಿಲ್ಲ. ಇದನ್ನು ಒಂದು ಸ್ವೀಟ್ ಕಸ್ಟಮ್ ಎಂದುಕೊಂಡು, ತಲೆಯ ಯಾವುದೋ ಮೂಲೆಯಲ್ಲಿಟ್ಟು ಮರೆತೆ. ಮರೆಯಬಾರದಿತ್ತು.

ನನ್ನ ಸರ್ವಿಸ್ಸಿನ ಕೊನೆಯ ಚಳಿಗಾಲ. ನಾನು ಜೇವರ್ಗಿಯಲ್ಲಿದ್ದೆ, ಹುಸೇನ್‌ಸಾಬರೂ ವರ್ಗವಾಗಿ ಅಲ್ಲಿಗೇ ಬಂದಿದ್ದರು. ಅಫಜಲಪುರದ ಇನ್‌ಚಾರ್ಜ್ ಕೂಡ ನನ್ನ ತಲೆಯ ಮೇಲೆಯೇ ಇತ್ತು. ಭೀಮೆಯ ದಂಡೆಯಲ್ಲಿ ದೊಡ್ಡ ಹಕ್ಕಿಗಳು ಸತ್ತು ಬಿದ್ದಿವೆ ಎಂದು ಮೀನುಗಾರರೊಬ್ಬರು ಫೋನ್ ಮಾಡಿದರು. ನಾನೂ ಹುಸೇನ್‌ಸಾಬರೂ ಹೋದಾಗ ಬೆಳಗಿನ ಬಿಸಿಲು ಆಗಷ್ಟೇ ಮರಳಿಗೆ ಬಿದ್ದಿತ್ತು. ಏಳು ಹೆಬ್ಬಾತುಗಳು. ಬಿಳಿ ತಲೆ, ಅದರ ಮೇಲೆ ಕಾಡಿಗೆ ಎಳೆದ ಹಾಗೆ ಎರಡು ಕಪ್ಪು ಪಟ್ಟೆ. ಟಿಬೆಟ್ಟಿನ ಕಡೆಯಿಂದ ಹಿಮಾಲಯದ ಮೇಲೆ ಹಾರಿ ಬರುವ ಪಟ್ಟೆತಲೆ ಹೆಬ್ಬಾತು. ಪುಸ್ತಕದಲ್ಲಿ ಓದಿದ್ದೆ, ದೂರದಿಂದ ನೋಡಿದ್ದೆ. ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಗ್ಲೌಸ್ ಹಾಕಿದ ಕೈಯಲ್ಲಿ ಅದರ ರೆಕ್ಕೆ ಬಿಡಿಸಿ ನೋಡಿದೆ, ಬಿಡಿಸಿದಷ್ಟೂ ಮುಗಿಯುತ್ತಿರಲಿಲ್ಲ. ಅಷ್ಟು ಎತ್ತರ ದಾಟಿ ಬಂದು ನಮ್ಮ ಕಡಲೆ ಹೊಲದ ಪಕ್ಕ ಸಾಯುವುದೇ?

"ವೀಸಾ ಇಲ್ದ ಬಂದಾವ ನೋಡ್ರಿ ಮೇಡಂ" ಅಂದರು ಹುಸೇನ್‌ಸಾಬರು. "ಜ್ವರಾನೂ ಸಂಗಾಟ ತಂದಾವ."

"ಅವೇ ತಂದಾವ ಅಂತ ನಿಮಗ್ಯಾರು ಹೇಳಿದ್ರು? ಇಲ್ಲಿ ಬಂದ ಮ್ಯಾಲ ಹತ್ತಿರಬಹುದು."

"ನೀವು ಯಾವಾಗೂ ಸತ್ತವರ ಪರಾನ ಮಾತಾಡ್ತೀರಿ."

ಗಂಟಲಿನಿಂದ, ಗುದದ್ವಾರದಿಂದ ಹತ್ತಿಕಡ್ಡಿಯಲ್ಲಿ ಸ್ವಾಬ್ ತೆಗೆದೆವು. ಆ ವಾರ ಕರೆಂಟು ಸರಿಯಿರಲಿಲ್ಲ. ಆಫೀಸಿನ ಫ್ರಿಜ್‌ನಲ್ಲಿದ್ದ ಐಸ್ ಪ್ಯಾಕ್‌ಗಳು ಗಟ್ಟಿಯಾಗಿರಲಿಲ್ಲ. ಮೀನಿನ ಅಂಗಡಿಯಿಂದ ಒಡೆದ ಐಸ್ ತಂದು ಥರ್ಮಾಕೋಲ್ ಡಬ್ಬಿಗೆ ತುಂಬಿದೆವು. ಪ್ರತಿ ಬಾಟಲಿಗೂ ನಾನು ನನ್ನ ಸುಂದರ ಅಕ್ಷರದಲ್ಲಿ, ರಾಯಲ್ ಬ್ಲೂನಲ್ಲಿ, ಲೇಬಲ್ ಬರೆದೆ. ಡಬ್ಬಿ ಭೋಪಾಲದ ಲ್ಯಾಬಿಗೆ ಹೋಯಿತು.

ನಾಲ್ಕನೆಯ ದಿನ ಅಲ್ಲಿಂದ ಫೋನ್. ದನಿ ಮೃದುವಾಗಿಯೇ ಇತ್ತು. "ಮೇಡಂ, ಡಬ್ಬಾ ಮಿಲಾ. ನೀಲಾ ಪಾನಿ ಮಿಲಾ. ಲೇಬಲ್ ನಹೀಂ ಮಿಲಾ."

ಐಸ್ ಕರಗಿ ಇಂಕೆಲ್ಲ ನೀರಿಗಿಳಿದಿತ್ತು. ಯಾವ ಬಾಟಲಿ ಯಾವ ಹಕ್ಕಿಯದೋ, ಗಂಟಲಿನದೋ ಇನ್ನೊಂದರದೋ ತಿಳಿಯುವಂತಿರಲಿಲ್ಲ. ಮತ್ತೆ ದಂಡೆಗೆ ಓಡಿದೆವು, ಮತ್ತೆ ಹೊಸ ಹೆಣ ಹುಡುಕಿದೆವು, ಮತ್ತೆ ಕಳಿಸಿದೆವು. ಈ ಸಲ ಹುಸೇನ್‌ಸಾಬರು ತಮ್ಮ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟರು. ಸುಮ್ಮನೆ ಒಂದು ವಾರ ಹೋಯಿತು. ಆ ವಾರದಲ್ಲಿ ಎಳ್ಳಮಾವಾಸ್ಯೆ ಇತ್ತು.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಸಜ್ಜೆರೊಟ್ಟಿ, ಭಜ್ಜಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುತ್ತಾರೆ, ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಹಬ್ಬ ಮುಗಿದ ಮೂರನೆಯ ದಿನ ಭೋಪಾಲದಿಂದ ಹಕ್ಕಿಜ್ವರವೆಂದು ಖಚಿತವಾಯಿತು. ಅದೇ ಮಧ್ಯಾಹ್ನ ನೆಲೋಗಿಯ ಆಚೆಗಿನ ಒಂದು ಹಳ್ಳಿಯಿಂದ ಫೋನ್ ಬಂತು: ಕೋಳಿಗಳ ಜುಟ್ಟು ಕಪ್ಪಾಗಿ, ನಿಂತಲ್ಲೇ ಕುಸಿದು ಸಾಯುತ್ತಿವೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನ ಹೆಂಗಸರು ಈಗ ಮತ್ತೆ ಕೋಳಿ ಸಾಕುತ್ತಿದ್ದಾರೆ.

ನಾನು ಮ್ಯಾಪ್ ಹರಡಿಕೊಂಡು ಕೂತೆ. ನದಿ ಅಲ್ಲಿ, ಈ ಊರು ಇಲ್ಲಿ. ಊರಿನಲ್ಲಿ ಕೆರೆಯಿಲ್ಲ, ಬಾತು ಇಳಿಯುವ ಜಾಗವೇ ಇಲ್ಲ. ಹೆಬ್ಬಾತು ಬಂದಿಲ್ಲ, ಜ್ವರ ಬಂದಿದೆ. ಹೇಗೆ?

ಆದರೆ ಆಗ ಯೋಚಿಸಲು ಪುರುಸೊತ್ತು ಇರಲಿಲ್ಲ. ಒಂದು ಕಿಲೋಮೀಟರ್ ಸುತ್ತಿನ ಎಲ್ಲ ಕೋಳಿಗಳನ್ನೂ ಕೊಲ್ಲಬೇಕು, ಇದು ನಿಯಮ. ಮನೆಮನೆಯ ಪಟ್ಟಿಗೆ ನಾನೇ ನಮೂನೆ ತಯಾರಿಸಿದೆ. ಮೊದಲ ಕಾಲಂ: 'ನಿಮ್ಮ ಕೋಳಿ ಎಷ್ಟು?' ಬಿಳಿ ಕಿಟ್ ಹಾಕಿಕೊಂಡ ನಮ್ಮವರು ಪಟ್ಟಿ ಹಿಡಿದು ಹೋದರು. ಜನ ಹಿಂದಿನ ದಿನವೇ ಕೋಳಿ ಹಿಡಿದು ಬುಟ್ಟಿ ಕವುಚಿ ಇಟ್ಟುಕೊಂಡು ಪಟ್ಟಿಯಂತೆ ತಂದುಕೊಟ್ಟರು. ಜಗಳವಿಲ್ಲ, ಅಡಗಿಸಿಡುವುದೂ ಇಲ್ಲ. ಎಷ್ಟು ಒಳ್ಳೆಯ ಊರು ಎಂದುಕೊಂಡೆ. ಕಮಲಾಬಾಯಿ ಎಂಬ ಕೂಲಿ ಹೆಂಗಸು ತನ್ನ ಮೂರು ಕೋಳಿಗಳನ್ನು ತಾನೇ ಎದೆಗವಚಿಕೊಂಡು ತಂದಳು. ಮೂರಕ್ಕೂ ಕುತ್ತಿಗೆಯಲ್ಲಿ ಪುಕ್ಕವಿಲ್ಲ. ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ತಳಿ. ಅವಳ ಅವ್ವ ತವರಿನಿಂದ ತಂದದ್ದಂತೆ, ಆ ಸುತ್ತಿನಲ್ಲಿ ಇನ್ನಾರ ಹತ್ತಿರವೂ ಇಲ್ಲವಂತೆ. ಕೊಟ್ಟು ಹಿಂತಿರುಗಿ ನೋಡದೆ ಹೋದಳು.

ಮರುದಿನ ಬೆಳಿಗ್ಗೆ, ಕೊಂದ ಕೋಳಿಗಳನ್ನು ಹೂತ ಗುಂಡಿಯ ಮೇಲೆ ಸುಣ್ಣ ಹಾಕಿಸುತ್ತಿದ್ದೆವು. ಊರು ನಿಶ್ಶಬ್ದವಾಗಿತ್ತು, ಕೋಳಿಯಿಲ್ಲದ ಹಳ್ಳಿಯ ಬೆಳಗು ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು. ಆ ಮೌನದಲ್ಲಿ, ಊರ ತುದಿಯಿಂದ, ಒಂದು ಹುಂಜ ಗಟ್ಟಿಯಾಗಿ ಕೂಗಿತು.

ಹುಸೇನ್‌ಸಾಬರ ಕೈಯ ಸಲಿಕೆ ನಿಂತಿತು. "ಮೇಡಂರಿ, ಗುಂಡ್ಯಾಗಿಂದಲ್ಲ ಹೌದಲ್ರಿ?"

ಕೂಗಿದ ಮನೆಗೆ ಹೋದೆವು. ಮನೆಯ ಸೊಸೆ ಬುಟ್ಟಿ ಎತ್ತಿ ತೋರಿಸಿದಳು. ಒಂದು ಹುಂಜ, ಮೂರು ಹೇಂಟೆ. ಎಲ್ಲವೂ ಬೋಳು ಕುತ್ತಿಗೆಯವು, ಚುರುಕಾಗಿದ್ದವು.

"ಏನವ್ವಾ, ಇವನ್ನ್ಯಾಕ ಕೊಡ್ಲಿಲ್ಲ?"

"ನಿಮ್ಮ ಕೋಳಿ ಎಷ್ಟು ಅಂತ ಕೇಳಿದ್ರಿ. ನಮ್ಮವು ಐದು, ಐದೂ ಕೊಟ್ಟೇವಿ. ಇವು ಕಮಲಾಬಾಯಿ ಪಾಲಿನವ್ರಿ. ಮಂದಿ ಕೋಳಿ ಅವರನ್ನ ಕೇಳ್ದ ಹೆಂಗ ಕೊಡಾದು?"

ನಾಲ್ಕು ಮನೆಗಳಲ್ಲಿ ಇಂಥವು ಹನ್ನೊಂದು. ಯಾರೂ ಸುಳ್ಳು ಹೇಳಿರಲಿಲ್ಲ. ಪ್ರಶ್ನೆ ಕೇಳಿದವಳೇ ತಪ್ಪು ಕೇಳಿದ್ದಳು. ಆಳಂದದಲ್ಲಿ ಕಲಿತ ಪಾಠವನ್ನು ಮೂರು ದಶಕ ತಲೆಯಲ್ಲಿಟ್ಟುಕೊಂಡು ತಿರುಗಿದವಳು ನಮೂನೆ ಬರೆಯುವಾಗ ಮರೆತಿದ್ದಳು.

ಕಮಲಾಬಾಯಿಯ ಮನೆಯ ಮುಂದೆ ನಾಲ್ಕಾರು ಹೆಂಗಸರು ಸೇರಿದ್ದರು. "ಇಕಿ ಅಫಜಲಪುರದ ಮಗಳು ಹಬ್ಬಕ್ಕ ಕೋಳಿ ತಂದಳಲ್ಲ, ಅದೇ ಬ್ಯಾನಿ ತಂದದ್ದು" ಎಂದು ಒಬ್ಬಳು ನನಗೆ ಕೇಳುವಂತೆ ಹೇಳಿದಳು. ನನ್ನ ಕಿವಿ ನಿಮಿರಿತು. ಅವರನ್ನೆಲ್ಲ ಕಳಿಸಿ ಕಟ್ಟೆಯ ಮೇಲೆ ಕಮಲಾಬಾಯಿಯ ಪಕ್ಕ ಕೂತೆ.

"ಕಮಲಾಬಾಯಿ, ಯಾರ್ಯಾರ ಹತ್ರ ನಿಮ್ಮ ಕೋಳಿ ಅದಾವ, ಹೇಳ್ರಿ."

"ನೀವು ಕೊಲ್ಲಾಕ ಕೇಳಾಕತ್ತೀರಿ. ನಾ ಯಾಕ ಹೇಳ್ಲಿ?" ನೇರವಾಗಿ ಕಣ್ಣಿಗೆ ಕಣ್ಣಿಟ್ಟು ಕೇಳಿದಳು. "ಮನ್ಯಾಗಿದ್ದ ಮೂರು ಕೊಟ್ಟೆ. ಹನ್ನೊಂದು ನೀವೇ ಹುಡುಕಿದ್ರಿ. ಇನ್ನೂ ಬೇಕಂದ್ರ ನಮ್ಮವ್ವನ ಕೋಳಿ ಈ ಭೂಮಿ ಮ್ಯಾಲ ಒಂದೂ ಉಳ್ಯಾಂಗಿಲ್ಲ. ಊರವ್ರು ನನ್ನ ಬೈತಾರ. ಬೈಲಿ. ನಾ ಹೇಳಾಂಗಿಲ್ಲ."

ಕಾನೂನು ಹೇಳಬಹುದಿತ್ತು. ಪೊಲೀಸರ ಹೆಸರು ಹೇಳಬಹುದಿತ್ತು. ಅದರ ಬದಲು ಏನನ್ನಿಸಿತೋ, ನನ್ನ ಇಂಕಿನ ಕಥೆ ಹೇಳಿದೆ. ಡಬ್ಬಿ, ಐಸು, ನೀಲಿ ನೀರು, ವ್ಯರ್ಥವಾಗಿ ಕಳೆದ ಒಂದು ವಾರ. ಆ ವಾರ ಹೋಗದಿದ್ದರೆ ಹಬ್ಬಕ್ಕೆ ಮೊದಲೇ ನದಿದಂಡೆಯ ಊರುಗಳಿಂದ ಕೋಳಿ ಸಾಗಿಸುವುದನ್ನು ನಿಲ್ಲಿಸುತ್ತಿದ್ದೆ, ನಿಮ್ಮ ಮಗಳು ಬರಿಗೈಯಲ್ಲಿ ಬರುತ್ತಿದ್ದಳು ಎಂದೆ. ಇದನ್ನು ಅಲ್ಲಿಯವರೆಗೆ ನನ್ನ ಸಾಹೇಬರಿಗೂ ಹೇಳಿರಲಿಲ್ಲ.

ಅವಳು ಸೆರಗಿನ ತುದಿಯಿಂದ ಕಟ್ಟೆಯ ಧೂಳು ಒರೆಸಿದಳು. ಆಮೇಲೆ, "ಅಂದ್ರ ನಿಮ್ಮ ಶಾಯಿ ನಮ್ಮ ಕೋಳಿ ತಿಂತೇನ್ರಿ ಬಾಯಾರ?" ಎಂದಳು.

"ಹೌದ್ರಿ."

"ಖರೇ ಹೇಳೋ ಅಫ್ಸರ್ನ ಇವತ್ತೇ ನೋಡಿದೆ ಬಿಡ್ರಿ."

ಒಳಗೆ ಹೋಗಿ ಒಂದು ಹಿಡಿ ತೊಗರಿ ತಂದಳು. ಕಟ್ಟೆಯ ಮೇಲೆ ಒಂದೊಂದೇ ಕಾಳು ಇಡುತ್ತ ಹೋದಳು. ಒಂದು ಕಾಳು ಒಂದು ಕೋಳಿ. ಇಲ್ಲಿ ನಾಲ್ಕು, ಅಲ್ಲಿ ಎರಡು, ಆಚೆ ಓಣಿಯಲ್ಲಿ ಐದು. ದೂರದಲ್ಲಿ, ಅಫಜಲಪುರದ ಕಡೆ ಭೀಮೆಯ ದಂಡೆಯ ಮೇಲಿರುವ ಹಿರಿಮಗಳ ಊರಿನಲ್ಲಿ ಒಂದು ಹೇಂಟೆ, ಅದರ ಮರಿಗಳು. ಅರ್ಧದ ಪಾಲು, ನಾಲ್ಕು ಎಳೆಯ ಕೋಳಿ, ಹಬ್ಬದ ದಿನ ಬಸ್ಸಿನಲ್ಲಿ ಬಂದವು. ಮೊದಲು ಸತ್ತದ್ದು ಆ ನಾಲ್ಕೇ. ಆಮೇಲೆ ಆ ಹಿರಿಮಗಳ ತಿಪ್ಪೆಯಲ್ಲಿ ನಾವು ಹೆಬ್ಬಾತಿನ ಪುಕ್ಕ ಕಂಡೆವು. ಅಳಿಯ ಸತ್ತ ಹಕ್ಕಿ ತಂದು ಕರುಳನ್ನು ಕೋಳಿಗೆ ಹಾಕಿದ್ದ. ಹಿಮಾಲಯದಿಂದ ದಂಡೆಯವರೆಗೆ ಜ್ವರ ರೆಕ್ಕೆಯ ಮೇಲೆ ಬಂದಿರಬಹುದು. ದಂಡೆಯಿಂದ ಇಲ್ಲಿಗೆ ಬಂದದ್ದು ಬುಟ್ಟಿಯಲ್ಲಿ. ನನ್ನ ಮ್ಯಾಪು ಹೇಳದ್ದನ್ನು ಅವಳ ತೊಗರಿ ಹೇಳಿತು. ಕಟ್ಟೆಯ ಮೇಲಿನ ಆ ಕಾಳುಗಳನ್ನು ನೋಡಿ ಬ್ಯೂಟಿಫುಲ್ ಎಂದು ಬಾಯಿಂದ ಬಂದೇಬಿಟ್ಟಿತು. ಆ ಹೊತ್ತಿನಲ್ಲಿ ಎಂಥ ಮಾತು, ಎಂದು ತುಟಿ ಕಚ್ಚಿಕೊಂಡೆ.

ಕೈಯಲ್ಲಿ ಇನ್ನೂ ಮೂರು ಕಾಳು ಉಳಿದಿದ್ದವು. ಮುಷ್ಟಿ ಬಿಚ್ಚಲು ಅವಳಿಗೆ ಕಷ್ಟವಾಯಿತು.

"ಇವು ಖಜೂರಿಯಾಗ ಅದಾವ್ರಿ. ಸಣ್ಣ ಮಗಳ ಹತ್ರ. ಅಕಿನೂ ಹಬ್ಬದ ದಿನಾನ ಒಯ್ದಳು. ಎರಡು ಹ್ಯಾಟಿ, ಒಂದು ಹುಂಜ."

ಖಜೂರಿ ಎಂದರೆ ಆಳಂದ ತಾಲ್ಲೂಕಿನ ಗಡಿ, ಅಲ್ಲಿಂದ ಮಹಾರಾಷ್ಟ್ರಕ್ಕೆ ಹೋಗುವ ಲಾರಿಗಳ ಸಾಲು. ಕೂಡಲೇ ಕೇಳಿದೆ: "ಹಿರಿಮಗಳ ಕೋಳಿ ಬರೋಕ್ಕಿಂತ ಮೊದ್ಲ ಒಯ್ದಳೋ, ಬಂದ ಮ್ಯಾಲೋ?"

"ಹೋಳಿಗಿ ಮಾಡಾಕತ್ತಿದ್ದೆ, ಯಾರು ನೆನಪು ಇಟ್ಟಾರ್ರಿ? ಇಬ್ಬರೂ ಅವತ್ತ ಬಂದು ಹೋದರು."

ಹನ್ನೊಂದು ಕೋಳಿಗಳನ್ನು ಅವಳೇ ನಾಲ್ಕು ಮನೆಗಳಿಂದ ಕೇಳಿ ತಂದಳು. ಅವಳು ಕೇಳಿದ್ದರಿಂದ ಎಲ್ಲರೂ ಕೊಟ್ಟರು. ಒಂದಕ್ಕೂ ಜ್ವರವಿರಲಿಲ್ಲವೆಂದು ನನಗೆ ಬಹುತೇಕ ಖಾತ್ರಿಯಿತ್ತು. ಆದರೂ ವೃತ್ತದೊಳಗೆ ನಿಯಮಕ್ಕೆ ಆಯ್ಕೆಯಿಲ್ಲ. ಹುಂಜವನ್ನು ಹುಸೇನ್‌ಸಾಬರ ಕೈಗೆ ಕೊಡುವಾಗ ಅವಳು ಅಂದದ್ದು ಇಷ್ಟು: "ಜೋರ್ ಕೂಗ್ತಿತ್ತು. ಅದೇ ಅದರ ತಪ್ಪು."

ಖಜೂರಿಯ ಮೂರರ ವಿಷಯಕ್ಕೆ ನಮ್ಮ ಸಾಹೇಬರಿಗೆ ಫೋನ್ ಮಾಡಿದೆ. ಮೈಸೂರು ಕಡೆಯವರು, ನನಗಿಂತ ಹದಿನೈದು ವರ್ಷ ಚಿಕ್ಕವರು, ಕೆಟ್ಟವರಲ್ಲ. "ಮೇಡಂ, ಅವನ್ನೂ ಮುಗಿಸಿಬಿಡಿ. ನಿಮ್ಮ ರಿಟೈರ್‌ಮೆಂಟ್ ಹತ್ತಿರ ಇದೆ, ರಿಸ್ಕ್ ಯಾಕೆ ತಗೋತೀರಾ?" ಎಂದರು. ನೋಡಿ ಹೇಳುತ್ತೇನೆ ಎಂದು ಹೊರಟೆ.

ಹೋಗುವ ಮೊದಲು ಗಾಡಿಯ ಗಾಲಿ, ನಮ್ಮ ಬೂಟು, ಬಟ್ಟೆ ಎಲ್ಲವನ್ನೂ ಎರಡೆರಡು ಸಲ ತೊಳೆದೆವು. ಜ್ವರ ಹುಡುಕಲು ಹೋದವರೇ ಜ್ವರ ಒಯ್ದ ಉದಾಹರಣೆಗಳು ಕಡಿಮೆಯಿಲ್ಲ. ಹೊಸಬರೇ, ಇದನ್ನೂ ಗುರುತು ಮಾಡಿಕೊಳ್ಳಿ.

ಖಜೂರಿಯ ಸಣ್ಣ ಮಗಳು ಬಾಯಿಬಡಕಿ. ಕೋಳಿಗಳು ಬಂದಾಗಿನಿಂದ ಕೋಣೆಯಲ್ಲೇ ಇದ್ದವು, ಹೊಸ ಜಾಗ ರೂಢಿಯಾಗಲೆಂದು. ಚೆನ್ನಾಗಿ ಕಾಳು ತಿನ್ನುತ್ತಿದ್ದವು.

"ಯಾವ ಬಸ್ಸಿಗೆ ಬಂದ್ಯವ್ವಾ, ನೆನಪೈತಾ?"

"ನೆನಪ್ಯಾಕ್ರಿ, ಟಿಕೇಟೇ ಐತಿ!" ಎಂದು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಿಂದ ಒಂದು ಚೀಟಿ ಎಳೆದಳು. "ಹೆಣ್ಮಕ್ಕಳಿಗೆ ಬಸ್ ಫ್ರೀ ಅಲ್ರೀ? ಕಂಡಕ್ಟರ್ ನನಗ ಫ್ರೀ ಕೊಟ್ಟು ಈ ಮೂರಕ್ಕ ಟಿಕೇಟ್ ಹರದ! ನಾ ಅಂದೆ, ಅಣ್ಣಾ, ಇವೆರಡು ಹೆಣ್ಣದಾವ ನೋಡೋ ಅಂತ. ಕೇಳ್ಲಿಲ್ಲ. ಗಂಡಗ ತೋರ್ಸಿ ನಗಾಕ ಇಟ್ಟೇನಿ."

ಮಷೀನಿನ ಟಿಕೆಟ್. ಅಕ್ಷರ ಅರ್ಧ ಮಾಸಿತ್ತು. ನನ್ನ ಇಂಕಿನ ಹಾಗೆ ಅದೂ ಓಡಿಹೋಗುವುದರಲ್ಲಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಹಬ್ಬದ ತಾರೀಖು. ಸಮಯ, ಬೆಳಿಗ್ಗೆ. ಅಕ್ಕ ದಂಡೆಯಿಂದ ಬಂದದ್ದು ಮಧ್ಯಾಹ್ನದ ಬಸ್ಸಿಗೆ ಎಂದು ಆಕೆಯ ಊರಿನವರು ಆಗಲೇ ಹೇಳಿದ್ದರು. ಇವು ಹೊರಟ ಮೇಲೆ ಅವು ಬಂದಿದ್ದವು.

ಫೋಟೋ ತೆಗೆದು ಸಾಹೇಬರಿಗೆ ವಾಟ್ಸಾಪ್ ಮಾಡಿದೆ. ಕೂಡಲೇ ಫೋನ್ ಬಂತು. "ಏನ್ ಮೇಡಂ, ಬಸ್ ಟಿಕೆಟ್ ನೋಡಿ ಕೋಳಿ ಬಿಡೋದಾ?"

"ಬಿಡೋದು ಸ್ಯಾಂಪಲ್ ನೋಡಿ ಬಿಡ್ರಿ ಸರ್. ಟಿಕೆಟ್ ನೋಡಿ ಬರೀ ಕಾಯ್ರಿ."

ಅವರು, "ಆಯ್ತು, ಕೋಣೆ ಬಾಗಿಲು ತೆಗೆಯಬಾರದು" ಎಂದರು. ಮೂರು ಕೋಳಿಗಳಿಗೂ ಸ್ವಾಬ್ ತೆಗೆದು, ಹುಸೇನ್‌ಸಾಬರ ಪೆನ್ಸಿಲಿನಿಂದ ಒತ್ತಿ ಒತ್ತಿ ಲೇಬಲ್ ಬರೆದೆ. ಬಹಳ ಕುರೂಪಿ ಅಕ್ಷರ. ಸಿಸ್ಟರ್ ನೋಡಿದ್ದರೆ ಸ್ಕೇಲು ಎತ್ತುತ್ತಿದ್ದರು.

ಉತ್ತರ ಬರುವವರೆಗೆ ಕಮಲಾಬಾಯಿ ದಿನಕ್ಕೊಮ್ಮೆ ಪಕ್ಕದ ಮನೆಯವರ ಮೊಬೈಲಿನಿಂದ ಫೋನ್ ಮಾಡುತ್ತಿದ್ದಳು. "ಏನಾತ್ರಿ?" ಎಂದಷ್ಟೇ. ಇನ್ನೂ ಇಲ್ಲ ಎಂದರೆ, "ಆತು" ಎಂದು ಇಟ್ಟುಬಿಡುತ್ತಿದ್ದಳು. ಆರನೆಯ ದಿನ ನಾನೇ ಫೋನ್ ಮಾಡಿದೆ. "ಮೂರೂ ನೆಗೆಟಿವ್, ಕಮಲಾಬಾಯಿ." ನೆಗೆಟಿವ್ ಎಂದರೆ ಒಳ್ಳೆಯದು ಎಂದು ಬಿಡಿಸಿ ಹೇಳಬೇಕಾಯಿತು. ಆಗ ಅತ್ತಳು.

ಅಂತಿಮ ವರದಿಯಲ್ಲಿ ಇಂಕಿನ ವಿಷಯವನ್ನು ಬರೆದೆ. ಸಾಹೇಬರು, ಇದು ಬೇಕಾ ಮೇಡಂ, ಎಂದರು. ಬೇಕು ಎಂದೆ. ಅವರು ಸಹಿ ಹಾಕಿದರು. ಅಲ್ಲಿಗೆ ನನ್ನ ಸರ್ವಿಸ್ ಮುಗಿಯಿತು. ಬೀಳ್ಕೊಡುಗೆ, ಶಾಲು, ಹಾರ ಎಲ್ಲವನ್ನೂ ಬಿಡುತ್ತೇನೆ.

ಆ ಊರಿನಲ್ಲಿ ಮತ್ತೆ ಕೋಳಿ ಸಾಕಲು ಪರವಾನಗಿ ಬಂದು, ಖಜೂರಿಯ ಮೂರರ ಸಂಸಾರ ಬೆಳೆದು, ಕಮಲಾಬಾಯಿಯ ಅಂಗಳ ತುಂಬಿದ ಮೇಲೆ ಒಂದು ಮಧ್ಯಾಹ್ನ ಅವಳು ಗುಲಬರ್ಗಾದ ನನ್ನ ಮನೆಯ ಗೇಟಿನಲ್ಲಿ ನಿಂತಿದ್ದಳು. ಸೆರಗಿನಡಿ ಒಂದು ಹೇಂಟೆ, ಬೋಳು ಕುತ್ತಿಗೆ ಹೊರಗೆ ಚಾಚಿ ನನ್ನ ಗುಲಾಬಿ ಗಿಡಗಳನ್ನು ನೋಡುತ್ತಿತ್ತು.

"ಇದೆಲ್ಲ ಯಾಕ್ರಿ ಕಮಲಾಬಾಯಿ? ನಾ ಗಿಫ್ಟ್ ತಗೊಳ್ಳಾಂಗಿಲ್ಲ."

"ಗಿಫ್ಟ್ ಯಾರು ಕೊಡಾಕತ್ತಾರ? ಪಾಲಿಗೆ ಕೊಡಾಕತ್ತೇನಿ. ಮರಿ ಅರ್ಧ ನನಗ ಬರ್ಬೇಕು. ಛಲೋ ನೋಡ್ಕೊಳ್ರಿ."

ಕಳೆದ ಸಲ ಜಾನುವಾರು ಗಣತಿಗೆಂದು ಇಲಾಖೆಯಿಂದ ಒಬ್ಬ ಹುಡುಗಿ ಬಂದಳು. ಹೊಸದಾಗಿ ಸೇರಿದವಳು, ಕೈಯಲ್ಲಿ ಟ್ಯಾಬ್. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ಹದಿಮೂರು ಬೋಳು ಕುತ್ತಿಗೆಗಳು ಕೆದರುತ್ತಿದ್ದವು.

"ಅಜ್ಜಿ, ನಿಮ್ಮ ಕೋಳಿ ಎಷ್ಟು?"

"ಆರು" ಎಂದೆ.

ಅವಳು ಅಂಗಳ ನೋಡಿದಳು, ಟ್ಯಾಬ್ ನೋಡಿದಳು, ನನ್ನ ಮುಖ ನೋಡಿದಳು. ನಾನು ಸುಳ್ಳು ಹೇಳಿರಲಿಲ್ಲ. ಹುಡುಗಿಗೆ ಕುರ್ಚಿ ಹಾಕಿ, ಒಂದು ಲೋಟ ಮಜ್ಜಿಗೆ ಕೊಟ್ಟು ಹೇಳಿದೆ: "ಹಂಗ ಕೇಳಬ್ಯಾಡವ್ವಾ. ಸಂಜಿಗೆ ಈ ಅಂಗಳದಾಗ ಎಷ್ಟು ಕೋಳಿ ಗೂಡು ಸೇರ್ತಾವ ಅಂತ ಕೇಳು."

ಹುಡುಗಿ ಒಂದು ಗುಟುಕು ಕುಡಿದು, ಟ್ಯಾಬನ್ನು ಮಡಿಲಲ್ಲಿಟ್ಟು ಹಾಗೆಯೇ ಕೇಳಿದಳು.